ಎತ್ತರದ ಲೆಕ್ಕ: ಪೆರು ಮತ್ತು ಬೊಲಿವಿಯದ ದಾರಿಯಲ್ಲಿ

ಪೆರು, ಬೊಲಿವಿಯ ಕಡೆಗೆ ಹೊರಡುವವರು ಮೊದಲು ನಕ್ಷೆ ತೆರೆದು ಊರಿಂದ ಊರಿಗೆ ಎಷ್ಟು ಕಿಲೋಮೀಟರ್ ಎಂದು ನೋಡುತ್ತಾರೆ. ನೀವು ಇನ್ನೊಂದು ಕೆಲಸ ಮಾಡಿ. ಪ್ರತಿ ಊರಿನ ಹೆಸರಿನ ಪಕ್ಕದಲ್ಲಿ ಅದು ಸಮುದ್ರಮಟ್ಟದಿಂದ ಎಷ್ಟು ಮೀಟರ್ ಮೇಲಿದೆ ಎಂದು ಬರೆದುಕೊಳ್ಳಿ. ಆಮೇಲೆ ತಗ್ಗಿನ ಊರು ಮೊದಲು, ಎತ್ತರದ ಊರು ಕೊನೆಗೆ ಬರುವ ಹಾಗೆ ದಾರಿ ಜೋಡಿಸಿ. ಪ್ರವಾಸದ ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗಿಬಿಡುತ್ತದೆ. ಎಷ್ಟು ದಿನ ಬೇಕು, ಯಾವ ಬಟ್ಟೆ ಬೇಕು, ಎಲ್ಲಿ ಸುಮ್ಮನೆ ಕೂರಬೇಕು, ಎಲ್ಲಿ ಓಡಾಡಬಹುದು ಎನ್ನುವುದನ್ನೆಲ್ಲ ಆ ಅಂಕಿಗಳೇ ಹೇಳುತ್ತವೆ.

ಲಿಮಾ ಕಡಲ ದಂಡೆಯ ಊರು. ಅಲ್ಲಿಂದ ವಿಮಾನದಲ್ಲಿ ಒಂದೂಕಾಲು ಗಂಟೆ ಹಾರಿದರೆ ಕುಸ್ಕೊ, 3,400 ಮೀಟರ್. ಟಿಟಿಕಾಕಾ ಸರೋವರದ ನೀರೇ 3,812 ಮೀಟರ್ ಮೇಲಿದೆ. ಲಾ ಪಾಜ್ ನಗರದ ನಡುಭಾಗ ಸುಮಾರು 3,600, ಅದರ ವಿಮಾನ ನಿಲ್ದಾಣ ನಾಲ್ಕು ಸಾವಿರಕ್ಕೂ ಮೇಲೆ. ಉಯುನಿಯ ಉಪ್ಪಿನ ಬಯಲು 3,650ರ ಆಸುಪಾಸು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಎರಡು ಸಾವಿರ ಮೀಟರ್ ಕೂಡ ಮುಟ್ಟುವುದಿಲ್ಲ ಎಂದು ನೆನಪಿಸಿಕೊಂಡರೆ ಈ ಅಂಕಿಗಳ ಭಾರ ತಿಳಿಯುತ್ತದೆ. ಲೇಹ್‌ಗೆ ಹೋಗಿ ಬಂದವರಿಗೆ ಮಾತ್ರ ಇದು ಅನುಭವಕ್ಕೆ ಬಂದಿರುವ ವಿಷಯ.

ಈ ಪ್ರವಾಸಕ್ಕೆ ನಾನು ಮತ್ತು ನನ್ನ ತಮ್ಮ ಹೋಗಿದ್ದೆವು. ನಾನು ಬೆಂಗಳೂರಿನ ಕಚೇರಿ ಕೆಲಸದವಳು, ಅವನು ಹಾಸನದ ಹತ್ತಿರ ನಮ್ಮ ಜಮೀನಿನಲ್ಲೇ ಇರುವವನು. ಅವನ ಆಲೂಗಡ್ಡೆ ಕೊಯ್ಲು ಮುಗಿದ ಮೇಲೆಯೇ ಹೊರಡಬೇಕಿತ್ತು, ಹಾಗಾಗಿ ಸೆಪ್ಟೆಂಬರ್ ಗೊತ್ತಾಯಿತು. ಆಂಡಿಸ್ ಪರ್ವತ ಸೀಮೆಯಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಒಣ ಹವೆ, ಡಿಸೆಂಬರ್‌ನಿಂದ ಮಾರ್ಚ್ ತನಕ ಮಳೆ. ಜೂನ್, ಜುಲೈ ಜನಜಂಗುಳಿಯ ತಿಂಗಳುಗಳು. ಸೆಪ್ಟೆಂಬರ್ ಹೊತ್ತಿಗೆ ಜನ ಕಡಿಮೆಯಾಗಿರುತ್ತಾರೆ, ಆಕಾಶ ಇನ್ನೂ ತಿಳಿಯಾಗಿರುತ್ತದೆ, ಕಣಿವೆಯ ಹೊಲಗಳಲ್ಲಿ ಮುಸುಕಿನ ಜೋಳ ಬಿತ್ತುವ ಕೆಲಸ ಶುರುವಾಗಿರುತ್ತದೆ. ರೈತನನ್ನು ಜೊತೆಗೆ ಕರೆದುಕೊಂಡು ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಹೊರಡುವ ಮುಂಚಿನ ಕೆಲಸಗಳನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ ಅಥವಾ ಷೆಂಗೆನ್ ದೇಶಗಳ ವೀಸಾ ಇದ್ದು, ಅದರ ಅವಧಿ ಕನಿಷ್ಠ ಆರು ತಿಂಗಳು ಉಳಿದಿದ್ದರೆ ಭಾರತೀಯರಿಗೆ ಪೆರು ಪ್ರವೇಶಕ್ಕೆ ಬೇರೆ ಪ್ರವಾಸಿ ವೀಸಾ ಬೇಕಿಲ್ಲ. 2017ರಿಂದ ಈ ನಿಯಮವಿದೆ. ನನಗೆ ಅದು ಒದಗಿ ಬಂತು. ತಮ್ಮನಿಗೆ ಅಂಥ ವೀಸಾ ಇರಲಿಲ್ಲ. ಅವನು ದೆಹಲಿಯ ಪೆರು ರಾಯಭಾರ ಕಚೇರಿಗೆ ಅರ್ಜಿ ಹಾಕಿ, ಪಹಣಿಯಿಂದ ಹಿಡಿದು ಬ್ಯಾಂಕಿನ ಲೆಕ್ಕದವರೆಗೆ ಎಲ್ಲ ದಾಖಲೆ ಕೊಟ್ಟು ವೀಸಾ ಪಡೆದ. ಬೊಲಿವಿಯದ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಕೊಳ್ಳುವ ಮುಂಚೆ ಅವರ ರಾಯಭಾರ ಕಚೇರಿಯನ್ನೇ ಕೇಳಿ. ಭಾರತದಿಂದ ಪೆರುವಿಗೆ ನೇರ ವಿಮಾನವಿಲ್ಲ. ಯೂರೋಪಿನ ಮೂಲಕ ಹೋಗುವುದು ಹೆಚ್ಚು ಜನರ ದಾರಿ. ಅಮೆರಿಕದಲ್ಲಿ ವಿಮಾನ ಬದಲಿಸುವುದಾದರೆ ಅಲ್ಲಿನ ವೀಸಾ ಇಲ್ಲದೆ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಹಳದಿ ಜ್ವರದ ಲಸಿಕೆ. ಪೆರು, ಬೊಲಿವಿಯ, ಬ್ರೆಜಿಲ್ ಸೇರಿ ಆ ಖಂಡದ ಅನೇಕ ದೇಶಗಳಿಂದ ಭಾರತಕ್ಕೆ ಮರಳುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಇಲ್ಲದಿದ್ದರೆ ನಮ್ಮದೇ ವಿಮಾನ ನಿಲ್ದಾಣದಿಂದ ಆರು ದಿನದವರೆಗೆ ಪ್ರತ್ಯೇಕ ವಾಸಕ್ಕೆ ಕಳಿಸುವ ಅಧಿಕಾರ ಆರೋಗ್ಯಾಧಿಕಾರಿಗಳಿಗಿದೆ. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವಷ್ಟೇ ಪ್ರಮಾಣಪತ್ರ ಚಾಲ್ತಿಗೆ ಬರುತ್ತದೆ, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಅಲ್ಲಿ ಸರದಿ ಇರುತ್ತದೆ. ಅರುವತ್ತು ದಾಟಿದವರು, ಮೊಟ್ಟೆ ಒಗ್ಗದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು. ಇದನ್ನು ಪ್ರವಾಸದ ಕೊನೆಯ ತಯಾರಿಯಾಗಿ ಇಟ್ಟುಕೊಳ್ಳಬೇಡಿ, ಮೊದಲನೆಯದಾಗಿ ಮಾಡಿ.

ಇನ್ನು ಎತ್ತರದ ವಿಷಯಕ್ಕೆ ಬರುತ್ತೇನೆ. ಕುಸ್ಕೊದ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಲ ದಂಡೆಯಲ್ಲಿ ಇರುವಷ್ಟೇ ಇದೆ. ಕಡಿಮೆಯಾಗಿರುವುದು ಗಾಳಿಯ ಒತ್ತಡ. ಹಾಗಾಗಿ ಒಂದು ಉಸಿರಿಗೆ ಒಳಗೆ ಬರುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಆ ಹೊತ್ತಿನಲ್ಲಿ ತಲೆನೋವು, ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು, ನಾಲ್ಕು ಮೆಟ್ಟಿಲಿಗೆ ಏದುಸಿರು ಇವೆಲ್ಲ ಕಾಣಿಸಿಕೊಳ್ಳಬಹುದು. ಅಲ್ಲಿನವರು ಇದನ್ನು ಸೊರೊಚೆ ಎನ್ನುತ್ತಾರೆ. ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಎಂದು ಮೊದಲೇ ಹೇಳಲಾಗದು. ದಿನವೂ ಓಡುವ ಇಪ್ಪತ್ತೈದರ ಹುಡುಗ ಹಾಸಿಗೆ ಹಿಡಿದು, ಎಪ್ಪತ್ತರ ಅಜ್ಜಿ ಆರಾಮಾಗಿ ನಡೆದಾಡುವುದುಂಟು. ಅಸಿಟಜೋಲಮೈಡ್ ಎಂಬ ಮಾತ್ರೆಯನ್ನು ಮುಂಚಿತವಾಗಿ ಕೊಡುತ್ತಾರೆ. ಸಲ್ಫಾ ಔಷಧ ಒಗ್ಗದವರಿಗೆ ಅದು ಅಪಾಯ ತರಬಹುದು, ಆದ್ದರಿಂದ ವೈದ್ಯರ ಮಾತಿಲ್ಲದೆ ಬೇಡ. ತಲೆನೋವು ಏರುತ್ತಾ ಹೋಗಿ, ನಡಿಗೆ ತಡವರಿಸತೊಡಗಿದರೆ ಅಥವಾ ಕುಳಿತಲ್ಲೇ ಉಸಿರು ಕಟ್ಟಿದರೆ ಕಾಯಬಾರದು, ಕೂಡಲೇ ತಗ್ಗಿಗೆ ಇಳಿದು ಆಸ್ಪತ್ರೆ ಸೇರಬೇಕು.

ಬಹಳ ಜನ ಕುಸ್ಕೊದಲ್ಲಿ ಇಳಿದು ಅಲ್ಲೇ ತಂಗುತ್ತಾರೆ. ನಾವು ವಿಮಾನ ನಿಲ್ದಾಣದಿಂದಲೇ ವಾಹನ ಹಿಡಿದು ಉರುಬಾಂಬಾ ನದಿಯ ಪವಿತ್ರ ಕಣಿವೆಗೆ ಇಳಿದೆವು. ದಾರಿ ಮೊದಲು ಚಿಂಚೆರೊ ಕಡೆಗೆ ಇನ್ನೂ ಮೇಲೇರಿ, ಆಮೇಲೆ 2,800 ಮೀಟರಿನ ಕಣಿವೆಗೆ ಸುರುಳಿ ಸುರುಳಿಯಾಗಿ ಇಳಿಯುತ್ತದೆ. ಕುಸ್ಕೊಗೂ ಕಣಿವೆಗೂ ಇರುವ ಆ ಆರುನೂರು ಮೀಟರುಗಳ ಅಂತರ ಮೊದಲ ರಾತ್ರಿಯ ನಿದ್ದೆಯಲ್ಲಿ ಗೊತ್ತಾಗುತ್ತದೆ. ಸ್ಪೇನಿನವರು ಬರುವ ಮುಂಚೆ ಇಲ್ಲಿ ಆಳಿದ ಇಂಕಾಗಳು ಬೆಟ್ಟದ ಮೇಲೆ ಕಟ್ಟಿದ ಊರು ಮಾಚು ಪಿಚು ಇನ್ನೂ ತಗ್ಗಿನಲ್ಲಿ, 2,430 ಮೀಟರಿನಲ್ಲಿದೆ. ಹಾಗಾಗಿ ಮೊದಲು ಕಣಿವೆ, ಆಮೇಲೆ ಮಾಚು ಪಿಚು, ಆಮೇಲೆ ಕುಸ್ಕೊ, ಕೊನೆಗೆ ಟಿಟಿಕಾಕಾ ಮತ್ತು ಬೊಲಿವಿಯ ಎಂಬ ಕ್ರಮವನ್ನೇ ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲ ದಿನ ಹೊಟ್ಟೆ ತುಂಬ ಉಣ್ಣಬೇಡಿ, ಮದ್ಯ ಮುಟ್ಟಬೇಡಿ, ನೀರು ಕುಡಿಯುತ್ತಿರಿ. ಹೋಟೆಲಿನಲ್ಲಿ ಕೋಕಾ ಎಲೆಯ ಕಷಾಯ ಕೊಡುತ್ತಾರೆ. ಅದು ಬೇಡವೆಂದರೆ ಮುನ್ಯಾ ಎಂಬ ಗಿಡದ ಕಷಾಯ ಕೇಳಿ. ಪುದೀನದ ಕಡೆಯ ಪರಿಮಳ, ಹೊಟ್ಟೆಗೆ ಹಿತ.

ಕಣಿವೆಯಲ್ಲಿ ಓಡಾಡಿದ ಮೇಲೆ ನನಗೆ ತಿಳಿದದ್ದು ಏನೆಂದರೆ, ಎತ್ತರದ ಲೆಕ್ಕ ಪ್ರವಾಸಿಯ ಆರೋಗ್ಯಕ್ಕಷ್ಟೇ ಸಂಬಂಧಿಸಿದ್ದಲ್ಲ. ಆ ನಾಡನ್ನು ಕಟ್ಟಿದವರು ಬದುಕನ್ನು ಆ ಲೆಕ್ಕದ ಮೇಲೆಯೇ ನಿಲ್ಲಿಸಿದ್ದರು. ಬೆಚ್ಚಗಿನ ಕಣಿವೆಯ ತಳದಲ್ಲಿ ಮುಸುಕಿನ ಜೋಳ, ಅದರ ಮೇಲಿನ ಇಳಿಜಾರಿನಲ್ಲಿ ಆಲೂಗಡ್ಡೆ, ಇನ್ನೂ ಮೇಲಿನ ಹುಲ್ಲುಗಾವಲಿನಲ್ಲಿ ಲಾಮಾ, ಅಲ್ಪಾಕಾ. ಪೂರ್ವದ ಕಾಡಿನ ತಪ್ಪಲಿನಲ್ಲಿ ಕೋಕಾ. ಒಂದೇ ಸಮುದಾಯದವರು ಬೇರೆ ಬೇರೆ ಎತ್ತರಗಳಲ್ಲಿ ನೆಲ ಇಟ್ಟುಕೊಂಡು ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬುತ್ತಿದ್ದರು. ಒಯಾಂತಾಯ್ತಾಂಬೊದಲ್ಲಿ ಊರಿನ ಎದುರಿನ ಕಡಿದಾದ ಬೆಟ್ಟದ ಮೈಗೆ ಅಂಟಿದ ಹಾಗೆ ಕಲ್ಲಿನ ಉಗ್ರಾಣಗಳಿವೆ. ಅಷ್ಟು ಮೇಲೆ ಯಾಕೆ ಕಟ್ಟಿದರು ಎಂಬ ಪ್ರಶ್ನೆಗೆ ಅಲ್ಲಿ ನಿಂತರೆ ಉತ್ತರ ಸಿಗುತ್ತದೆ: ತಣ್ಣನೆಯ ಒಣ ಗಾಳಿ ಬಿಡದೆ ಬೀಸುತ್ತದೆ, ಧಾನ್ಯ ಕೆಡುವುದಿಲ್ಲ. ಕೆಳಗೆ ಊರಿನ ಓಣಿಗಳಲ್ಲಿ ಇಂಕಾ ಕಾಲದ ಕಾಲುವೆಗಳಲ್ಲಿ ಇವತ್ತಿಗೂ ಬೆಟ್ಟದ ನೀರು ಹರಿಯುತ್ತಿದೆ, ಅವುಗಳ ಪಕ್ಕದ ಮನೆಗಳಲ್ಲಿ ಜನ ಬಾಳುತ್ತಿದ್ದಾರೆ. ರೈಲು ಹಿಡಿಯುವ ಅವಸರದಲ್ಲಿ ಈ ಊರನ್ನು ದಾಟಿಬಿಡುವವರೇ ಹೆಚ್ಚು. ಒಂದು ರಾತ್ರಿಯಾದರೂ ಇಲ್ಲಿ ಉಳಿಯಿರಿ. ಹಗಲಿನ ಬಸ್ಸುಗಳು ಹೋದ ಮೇಲೆ ಊರು ಊರಿನವರದಾಗುತ್ತದೆ.

ಮೊರಾಯ್‌ನಲ್ಲಿ ನೆಲವನ್ನು ಬಟ್ಟಲಿನ ಹಾಗೆ ಬಗೆದು ಒಳಗೆ ವೃತ್ತಾಕಾರದ ಪಾತಿಗಳನ್ನು ಕಟ್ಟಿದ್ದಾರೆ, ಆಳ ಸುಮಾರು 30 ಮೀಟರ್. ಮೇಲಿನ ಪಾತಿಗೂ ತಳದ ಪಾತಿಗೂ ತಾಪದಲ್ಲಿ ಎದ್ದು ಕಾಣುವ ವ್ಯತ್ಯಾಸವಿದೆ. ಬೆಳೆಗಳನ್ನು ಬೇರೆ ಬೇರೆ ಹವೆಗೆ ಒಗ್ಗಿಸುವ ಪ್ರಯೋಗದ ಜಾಗ ಇದಾಗಿತ್ತು ಎಂಬುದು ಒಂದು ವಾದ, ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ನನ್ನ ತಮ್ಮ ಅಂಚಿನಲ್ಲಿ ಕುಳಿತು ಬಹಳ ಹೊತ್ತು ನೋಡಿ, ನೀರು ಎಲ್ಲಿಂದ ಬರುತ್ತದೆ, ಮಳೆಗಾಲದಲ್ಲಿ ತಳದಲ್ಲಿ ಯಾಕೆ ನಿಲ್ಲುವುದಿಲ್ಲ ಎಂದು ಮಾರ್ಗದರ್ಶಿಯನ್ನು ಬಿಡದೆ ಕೇಳಿದ. ಹತ್ತಿರದ ಮಾರಾಸ್‌ನಲ್ಲಿ ಬೆಟ್ಟದೊಳಗಿಂದ ಒಂದು ಉಪ್ಪುನೀರಿನ ಬುಗ್ಗೆ ಬರುತ್ತದೆ. ಅದನ್ನು ಸಣ್ಣ ಕಾಲುವೆಗಳಲ್ಲಿ ಸಾವಿರಾರು ಪಾತಿಗಳಿಗೆ ಹಾಯಿಸಿ ಉಪ್ಪು ತೆಗೆಯುತ್ತಾರೆ. ಪಾತಿಗಳು ಊರಿನ ಕುಟುಂಬಗಳಿಗೆ ಸೇರಿದ್ದು. ಈಗ ಪಾತಿಗಳ ನಡುವೆ ಪ್ರವಾಸಿಗರನ್ನು ಬಿಡುವುದಿಲ್ಲ, ಅದು ಸರಿಯಾದ ತೀರ್ಮಾನ. ತಿನ್ನುವ ಉಪ್ಪಿನ ಮೇಲೆ ಯಾರ ಬೂಟೂ ಓಡಾಡಬಾರದು.

ನನಗೆ ಆ ಕಣಿವೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿದದ್ದು ಪಿಸಾಕ್ ಮಾರುಕಟ್ಟೆಯ ತರಕಾರಿ ಬೀದಿ. ಪ್ರವಾಸಿಗರಿಗೆಂದು ಹಾಕಿದ ಬಟ್ಟೆ, ಬೆಳ್ಳಿಯ ಅಂಗಡಿಗಳನ್ನು ದಾಟಿದರೆ ಕಣಿವೆಯ ಹೆಂಗಸರು ನೆಲದ ಮೇಲೆ ಕಂಬಳಿ ಹಾಸಿ ಕುಳಿತಿರುತ್ತಾರೆ. ಒಬ್ಬ ವಯಸ್ಸಾದ ಹೆಂಗಸಿನ ಮುಂದೆ ಆಲೂಗಡ್ಡೆಯ ಗುಡ್ಡೆಗಳಿದ್ದವು. ಒಂದು ಕಡುನೇರಳೆ, ಒಂದು ಗುಲಾಬಿ, ಒಂದು ಹಳದಿ ಮೈಗೆ ಕೆಂಪು ಕಣ್ಣು, ಒಂದು ಬೆರಳಿನಷ್ಟು ಸಪೂರ, ಇನ್ನೊಂದರ ಮೈಯೆಲ್ಲ ಗಂಟು ಗಂಟು. ತಮ್ಮ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಎತ್ತಿ, ಹೆಬ್ಬೆರಳಿನಿಂದ ಸಿಪ್ಪೆ ತೀಡಿ, ಮೂಗಿನ ಹತ್ತಿರ ಹಿಡಿದು ನೋಡಿದ. ಆಕೆ ಚಾಕು ತೆಗೆದು ನೇರಳೆ ಗೆಡ್ಡೆಯನ್ನು ಅಡ್ಡಲಾಗಿ ಕತ್ತರಿಸಿ ಅವನ ಅಂಗೈಗಿಟ್ಟಳು. ಬಿಳಿ ತಿರುಳಿನ ಸುತ್ತ ಮಸಿಯಲ್ಲಿ ಬರೆದಂತೆ ನೇರಳೆಯ ಉಂಗುರ. ನಮ್ಮ ಮಾರ್ಗದರ್ಶಿ ಹುಡುಗಿಗೆ ಅಲ್ಲಿನ ಹಳ್ಳಿಗರ ಭಾಷೆ ಕೆಚುವಾ ಬರುತ್ತಿತ್ತು. ಅವಳ ಮೂಲಕ ಇಬ್ಬರು ರೈತರು ಮಾತಿಗಿಳಿದರು. ಎಷ್ಟು ಎಕರೆ, ಯಾವ ಗೊಬ್ಬರ, ಎಷ್ಟು ತಿಂಗಳ ಬೆಳೆ, ಬೆಲೆ ಯಾರು ಕಟ್ಟುತ್ತಾರೆ. ಎರಡೂ ಕಡೆಯ ಪ್ರಶ್ನೆಗಳು ಒಂದೇ ಆಗಿದ್ದವು.

ಒಂದು ಉತ್ತರ ಮಾತ್ರ ಬೇರೆಯಾಗಿತ್ತು. ಆಕೆ ಒಂದೇ ಹೊಲದಲ್ಲಿ ಹತ್ತಾರು ತಳಿಗಳನ್ನು ಬೆರೆಸಿ ನೆಡುತ್ತಾಳೆ. ಹಿಮ ಬಿದ್ದರೆ ಒಂದು ಸಾಯುತ್ತದೆ, ಇನ್ನೊಂದು ತಡೆದುಕೊಳ್ಳುತ್ತದೆ. ರೋಗ ಬಂದರೆ ಎಲ್ಲವೂ ಒಟ್ಟಿಗೆ ಹೋಗುವುದಿಲ್ಲ. ಕೆಲವು ಮನೆಗೆ, ಕೆಲವು ಮಾರಾಟಕ್ಕೆ, ಕೆಲವು ಮದುವೆ ಊಟಕ್ಕೆ. ಆಂಡಿಸ್‌ನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ದೇಸಿ ತಳಿಗಳಿವೆ ಎಂದು ಓದಿದ್ದೆ. ಆ ಅಂಕಿಗೆ ಅರ್ಥ ಬಂದದ್ದು ಈ ಕಂಬಳಿಯ ಮುಂದೆ. ನಮ್ಮ ಹಾಸನದಲ್ಲಿ ಮುಂಗಾರಿನ ಹೊತ್ತಿಗೆ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ಎಪಿಎಂಸಿ ಅಂಗಳಕ್ಕೆ ಬರುತ್ತದೆ, ಹೊಲದಿಂದ ಹೊಲಕ್ಕೆ ಬಹುಪಾಲು ಕುಫ್ರಿ ಜ್ಯೋತಿ ಒಂದೇ ತಳಿ. ಮೋಡ ಕವಿದು ಜಿಟಿಜಿಟಿ ಹಿಡಿದರೆ ಅಂಗಮಾರಿ ಬಂದು ಹಸಿರು ಹೊಲ ಕೆಲವೇ ದಿನಗಳಲ್ಲಿ ಕರಕಲಾಗುತ್ತದೆ. 1845ರಿಂದ ಐರ್ಲೆಂಡಿನಲ್ಲಿ ಲಕ್ಷಾಂತರ ಜನರ ಪ್ರಾಣ ತೆಗೆದ ಬರಗಾಲಕ್ಕೆ ಕಾರಣವಾದದ್ದೂ ಇದೇ ರೋಗ. ಅಲ್ಲಿಯೂ ಬಡವರ ಹೊಲಗಳಲ್ಲಿ ಇದ್ದದ್ದು ಹೆಚ್ಚಾಗಿ ಒಂದೇ ತಳಿ. ನಮ್ಮ ಅಪ್ಪ ಅಂಗಮಾರಿಗೆ ಬೆಳೆ ಕಳೆದುಕೊಂಡ ವರ್ಷಗಳನ್ನು ನಾವಿಬ್ಬರೂ ಕಂಡಿದ್ದೇವೆ. ಅವತ್ತು ಸಂಜೆ ತಮ್ಮ ಬೇರೆ ಯಾವ ಮಾತನ್ನೂ ಆಡಲಿಲ್ಲ.

ಆಕೆಯ ಕಂಬಳಿಯ ತುದಿಯಲ್ಲಿ ಚುನ್ಯೊ ಕೂಡ ಇತ್ತು. ಜೂನ್, ಜುಲೈ ತಿಂಗಳ ಕಡು ಚಳಿಯಲ್ಲಿ ಎತ್ತರದ ಬಯಲುಗಳಲ್ಲಿ ಆಲೂಗಡ್ಡೆಯನ್ನು ರಾತ್ರಿ ಹರವಿ ಹೆಪ್ಪುಗಟ್ಟಲು ಬಿಡುತ್ತಾರೆ. ಹಗಲು ಬಿಸಿಲಿಗೆ ಕರಗಿದ ಮೇಲೆ ಬರಿಗಾಲಿನಿಂದ ತುಳಿದು ನೀರು ಹಿಂಡುತ್ತಾರೆ. ಕೆಲವು ದಿನ ಹೀಗೆ ಮಾಡಿ ಒಣಗಿಸಿದರೆ ವರ್ಷಗಟ್ಟಲೆ ಕೆಡದ ಕಪ್ಪು ಚುನ್ಯೊ ಸಿದ್ಧ. ಹರಿಯುವ ನೀರಿನಲ್ಲಿ ವಾರಗಟ್ಟಲೆ ನೆನೆಸಿ ಒಣಗಿಸಿದ್ದು ಬೆಳ್ಳಗಿರುತ್ತದೆ, ಅದನ್ನು ಮೊರಾಯಾ ಅಥವಾ ತುಂತಾ ಎನ್ನುತ್ತಾರೆ. ಒಂದು ಹಿಡಿ ಎತ್ತಿದರೆ ಕೈಗೆ ತೂಕವೇ ತಿಳಿಯುವುದಿಲ್ಲ. ಹಗಲಿನ ಸುಡುಬಿಸಿಲು, ರಾತ್ರಿಯ ಹಿಮ ಎರಡೂ ಒಂದೇ ದಿನ ಸಿಗುವ ಎತ್ತರದಲ್ಲಿ ಮಾತ್ರ ಈ ಕೆಲಸ ಸಾಧ್ಯ. ರುಚಿ ಮಣ್ಣುಮಣ್ಣು, ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಸಾರಿನಲ್ಲಿ ಬೆಂದ ಬಿಳಿಯದು ಇಷ್ಟವಾಯಿತು. ಆಲೂಗಡ್ಡೆಯ ತಳಿಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ 1971ರಿಂದ ಲಿಮಾದಲ್ಲಿದೆ. ಅಲ್ಲಿನ ಶೀತಾಗಾರದಲ್ಲಿ ಸಾವಿರಾರು ತಳಿಗಳಿವೆ. ಆದರೆ ಹೊಲದಲ್ಲಿ ಅವುಗಳನ್ನು ವರ್ಷ ವರ್ಷ ನೆಟ್ಟು ಉಳಿಸುತ್ತಿರುವವರು ಇಂಥ ಹೆಂಗಸರು.

ಊಟದ ಮಾತು ಬಂದದ್ದರಿಂದ ಸಸ್ಯಾಹಾರಿಗಳಿಗೆ ಒಂದೆರಡು ಮಾತು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಕೋಳಿ ಬರಬಹುದು, ಏಕೆಂದರೆ ಅನೇಕರ ಲೆಕ್ಕದಲ್ಲಿ ಅದು ಬೇರೆ. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ ಎನ್ನಲು ಸ್ಪ್ಯಾನಿಷ್‌ನಲ್ಲಿ ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ ಎಂದು ಮೂರನ್ನೂ ಬಿಡಿಸಿ ಹೇಳಿ. ಕಿನುವಾ ಎಂಬ ಕಾಳಿನ ಸಾರು ಎಲ್ಲೆಡೆ ಸಿಗುತ್ತದೆ, ಆದರೆ ಅದರ ತಳದಲ್ಲಿ ಕೋಳಿಯ ರಸ ಇದೆಯೇ ಎಂದು ಕೇಳಿಯೇ ಕುಡಿಯಿರಿ. ಬೇಯಿಸಿದ ಆಲೂಗಡ್ಡೆಯ ಮೇಲೆ ಹಳದಿ ಮೆಣಸಿನಕಾಯಿ ಮತ್ತು ಚೀಸಿನ ಗೊಜ್ಜು ಸುರಿದು ಕೊಡುವ ಪಾಪಾ ಆ ಲಾ ವಾಂಕಾಯಿನಾ ನಮ್ಮ ನಾಲಿಗೆಗೆ ಒಗ್ಗುವ ತಿನಿಸು, ಮೇಲಿಟ್ಟ ಮೊಟ್ಟೆ ಬೇಡವೆಂದರೆ ತೆಗೆದು ಕೊಡುತ್ತಾರೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಾಳುಗಳಿರುವ ಬೇಯಿಸಿದ ಮುಸುಕಿನ ಜೋಳಕ್ಕೆ ಒಂದು ತುಂಡು ಚೀಸು ಜೊತೆ ಮಾಡಿ ಬೀದಿಯಲ್ಲಿ ಮಾರುತ್ತಾರೆ. ಎಷ್ಟೋ ದಿನ ನಮ್ಮ ಮಧ್ಯಾಹ್ನದ ಊಟ ಅದೇ. ರೊಕೊತೊ ಎಂಬ ಮೆಣಸಿನಕಾಯಿ ನೋಡಲು ಟೊಮೆಟೊ, ಕಚ್ಚಿದರೆ ಬ್ಯಾಡಗಿಯನ್ನು ಮರೆಸುವ ಖಾರ.

ಮಾಚು ಪಿಚುವಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಕೆಲಸಕ್ಕೆ ಬರುವುದನ್ನಷ್ಟೇ ಹೇಳುತ್ತೇನೆ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಟಿಕೆಟ್ ಮೇಲೆ ಹೊತ್ತು, ಸುತ್ತಿನ ದಾರಿ ಎರಡೂ ನಮೂದಾಗಿರುತ್ತವೆ. ದಾರಿಗಳು ಬೇರೆ ಬೇರೆ, ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಚಿತ್ರಗಳಲ್ಲಿ ನೋಡಿದ ಇಡೀ ಊರಿನ ನೋಟವೂ ಬೇಕು, ಊರಿನೊಳಗೆ ನಡೆಯುವುದೂ ಬೇಕು ಎನ್ನುವವರು ಎರಡನೆಯ ಸುತ್ತುದಾರಿಯ (ಸರ್ಕ್ಯೂಟ್ 2) ಟಿಕೆಟನ್ನು ತಿಂಗಳುಗಳ ಮುಂಚೆಯೇ ಕೊಳ್ಳಬೇಕು. ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ತಪ್ಪಲಿನ ಆಗ್ವಾಸ್ ಕಲಿಯೆಂತೆಸ್ ಊರಿಗೆ ರಸ್ತೆಯಿಲ್ಲ, ಒಯಾಂತಾಯ್ತಾಂಬೊದಿಂದ ರೈಲಿನಲ್ಲಿ ಹೋಗಬೇಕು. ದೊಡ್ಡ ಪೆಟ್ಟಿಗೆಗಳನ್ನು ಹೋಟೆಲಿನಲ್ಲಿ ಬಿಟ್ಟು ಕೈಚೀಲ ಮಾತ್ರ ಒಯ್ಯಿರಿ. ಹಿಂದಿನ ರಾತ್ರಿ ತಪ್ಪಲಲ್ಲೇ ಉಳಿದು ಬೆಳಗಿನ ಬಸ್ಸಿಗೆ ಹತ್ತಿದರೆ ನೆಮ್ಮದಿ. ಒಳಗೆ ಶೌಚಾಲಯವಿಲ್ಲ. ನಾಲ್ಕು ದಿನಗಳ ಇಂಕಾ ಚಾರಣ ಮಾಡುವವರಿಗೆ ದಿನಕ್ಕೆ 500 ಜನರ ಮಿತಿ, ಅದರಲ್ಲಿ ಹೊರೆಯಾಳುಗಳೂ ಮಾರ್ಗದರ್ಶಿಗಳೂ ಸೇರಿದ್ದಾರೆ. ಫೆಬ್ರವರಿಯಲ್ಲಿ ದಾರಿ ಮುಚ್ಚಿರುತ್ತದೆ.

ಒಂದು ಸಂಗತಿಯನ್ನು ಮಾತ್ರ ಬಿಡಲಾರೆ. 1911ರ ಜುಲೈಯಲ್ಲಿ ಅಮೆರಿಕದ ಅನ್ವೇಷಕ ಹೈರಮ್ ಬಿಂಗಮ್ ಅಲ್ಲಿಗೆ ಹತ್ತಿ ಹೋದಾಗ ರೈತ ಕುಟುಂಬಗಳು ಆ ಮೆಟ್ಟಿಲು ಹೊಲಗಳಲ್ಲಿ ಬೇಸಾಯ ಮಾಡಿಕೊಂಡಿದ್ದವು. ಅವನಿಗೆ ದಾರಿ ತೋರಿಸಿದ್ದು ಅಲ್ಲಿನ ಒಬ್ಬ ಪುಟ್ಟ ಹುಡುಗ. ಅದಕ್ಕೂ ಸುಮಾರು ನಾನೂರೈವತ್ತು ವರ್ಷಗಳ ಹಿಂದೆ ಕಟ್ಟಿದ ಹೊಲಗಳಲ್ಲಿ ಆಗಲೂ ಫಸಲು ಬರುತ್ತಿತ್ತು ಎಂದರೆ ಅವುಗಳನ್ನು ಕಟ್ಟಿದವರ ನೀರಿನ ತಿಳಿವಳಿಕೆ ಎಂಥದ್ದಿರಬೇಕು. ಅರಮನೆ, ದೇಗುಲಗಳನ್ನು ನೋಡಿದಷ್ಟೇ ಹೊತ್ತು ಹೊಲಗಳ ಗೋಡೆಗಳನ್ನೂ, ಮಳೆನೀರು ಇಳಿದುಹೋಗುವ ಕಿಂಡಿಗಳನ್ನೂ ನೋಡಿ.

ಕುಸ್ಕೊಗೆ ಮರಳುವ ಹೊತ್ತಿಗೆ ಮೈ ಹಗುರಾಗಿತ್ತು. ಕೊರಿಕಾಂಚಾದಲ್ಲಿ ಇಂಕಾ ಸೂರ್ಯ ದೇಗುಲದ ಗೋಡೆಗಳ ಮೇಲೆ ಸ್ಪೇನಿನವರು ಚರ್ಚು ಕಟ್ಟಿದ್ದಾರೆ. 1950ರ ಭೂಕಂಪಕ್ಕೆ ಮೇಲಿನ ಕಟ್ಟಡ ಬಿರುಕು ಬಿಟ್ಟಿತು, ಕೆಳಗಿನ ಕಲ್ಲುಗಳು ಅಲುಗಲಿಲ್ಲ. ಸುಣ್ಣ, ಗಾರೆ ಏನೂ ಇಲ್ಲದ ಆ ಕಲ್ಲಿನ ಸಂದಿಗೆ ನನ್ನ ಉಗುರು ಕೂಡ ಹೋಗಲಿಲ್ಲ. ಕ್ಯಾಥೆಡ್ರಲ್‌ನಲ್ಲಿ ಮಾರ್ಕೊಸ್ ಸಪಾತಾ ಬಿಡಿಸಿದ ಕ್ರಿಸ್ತನ ಕೊನೆಯ ಊಟದ ಚಿತ್ರವಿದೆ, ತಟ್ಟೆಯಲ್ಲಿ ಆಂಡಿಸ್‌ನ ಗಿನಿ ಹಂದಿಯಿದೆ. ಗೆದ್ದವರ ಗೋಡೆಯ ಮೇಲೆ ತನ್ನ ನೆಲದ ಊಟವನ್ನು ಇಟ್ಟ ಆ ಕಲಾವಿದನ ಬಗ್ಗೆ ನನಗೆ ತುಂಬ ಗೌರವ ಮೂಡಿತು. ಕುಸ್ಕೊದ ಪ್ರವಾಸಿ ಟಿಕೆಟ್ ಹತ್ತು ದಿನ ನಡೆಯುತ್ತದೆ, ಸಕ್ಸಾಯ್ವಮಾನ್, ಪಿಸಾಕ್, ಒಯಾಂತಾಯ್ತಾಂಬೊ, ಮೊರಾಯ್ ಎಲ್ಲ ಅದರಲ್ಲೇ ಸೇರಿವೆ. ಆದ್ದರಿಂದ ಕಣಿವೆಗೆ ಕಾಲಿಟ್ಟ ದಿನವೇ ಕೊಂಡುಬಿಡಿ.

ಅಲ್ಲಿಂದ ಟಿಟಿಕಾಕಾ ದಂಡೆಯ ಪುನೊಗೆ ಹಗಲು ಬಸ್ಸು ಒಳ್ಳೆಯದು. ದಾರಿ ಲಾ ರಾಯಾ ಕಣಿವೆಬಾಯಿಯಲ್ಲಿ 4,300 ಮೀಟರ್ ದಾಟುತ್ತದೆ, ಆ ಎತ್ತರದ ಹುಲ್ಲುಗಾವಲನ್ನು ರಾತ್ರಿ ಬಸ್ಸಿನಲ್ಲಿ ಕಳೆದುಕೊಳ್ಳಬಾರದು. ತೊತೊರಾ ಜೊಂಡಿನಿಂದ ಹೆಣೆದ ಊರೊಸ್ ತೇಲು ದ್ವೀಪಗಳಿಗೆ ಎಲ್ಲರೂ ಹೋಗುತ್ತಾರೆ. ಅಲ್ಲಿ ಈಗ ಎಲ್ಲವೂ ಪ್ರವಾಸಿಗರ ದೋಣಿಯ ವೇಳಾಪಟ್ಟಿಯ ಮೇಲೆ ನಡೆಯುತ್ತದೆ, ನನಗೆ ಅಷ್ಟು ಹಿಡಿಸಲಿಲ್ಲ. ತಾಕಿಲೆ ದ್ವೀಪ ಬೇರೆ ಥರ. ಅಲ್ಲಿ ವಾಹನಗಳಿಲ್ಲ. ಗಂಡಸರು ನಡೆಯುತ್ತಾ, ಮಾತಾಡುತ್ತಾ ಟೋಪಿ ಹೆಣೆಯುತ್ತಿರುತ್ತಾರೆ. ಅವರ ನೇಯ್ಗೆಯನ್ನು ಯುನೆಸ್ಕೊ 2005ರಲ್ಲೇ ಗುರುತಿಸಿದೆ. ದೋಣಿಯಿಂದ ಊರಿಗೆ ಹತ್ತುವ ಮೆಟ್ಟಿಲುಗಳಿಗೆ ಹೊತ್ತು ಇಟ್ಟುಕೊಳ್ಳಿ, ನಾಲ್ಕು ಸಾವಿರ ಮೀಟರಿನ ಹತ್ತಿರ ಯಾವ ಮೆಟ್ಟಿಲೂ ಸಣ್ಣದಲ್ಲ.

ಗಡಿ ದಾಟಿ ಕೋಪಕಬಾನಾ ಮೂಲಕ ಲಾ ಪಾಜ್‌ಗೆ ಹೋಗುವಾಗ ತಿಕೀನಾ ಜಲಸಂಧಿ ಬರುತ್ತದೆ. ಬಸ್ಸು ಮರದ ತೆಪ್ಪದ ಮೇಲೆ, ನಾವು ಪುಟ್ಟ ದೋಣಿಯಲ್ಲಿ. ಪಾಸ್‌ಪೋರ್ಟ್, ಹಣ ಎರಡನ್ನೂ ಬಸ್ಸಿನಲ್ಲಿ ಬಿಡದೆ ಮೈಮೇಲೆ ಇಟ್ಟುಕೊಳ್ಳಿ. ದಂಡೆಯಲ್ಲಿ ಬೊಲಿವಿಯದ ನೌಕಾಪಡೆಯ ನೆಲೆಯಿದೆ. 1879ರಲ್ಲಿ ಶುರುವಾದ ಯುದ್ಧದಲ್ಲಿ ಚಿಲಿಗೆ ಕಡಲ ತೀರವನ್ನೆಲ್ಲ ಕಳೆದುಕೊಂಡ ದೇಶ ನೌಕಾಪಡೆಯನ್ನು ಬಿಟ್ಟುಕೊಟ್ಟಿಲ್ಲ.

ಲಾ ಪಾಜ್‌ನಲ್ಲಿ ಎತ್ತರ ಅಂತಸ್ತಿನ ಲೆಕ್ಕವೂ ಆಗಿದೆ. ನಮ್ಮ ನಗರಗಳಲ್ಲಿ ಗುಡ್ಡದ ಮೇಲಿನ ಮನೆ ಸಿರಿವಂತರದು. ಅಲ್ಲಿ ಹಾಗಿಲ್ಲ. ಕಣಿವೆಯ ತಳದ ದಕ್ಷಿಣ ಬಡಾವಣೆಗಳಲ್ಲಿ ಚಳಿ ಕಡಿಮೆ, ಉಸಿರಾಟ ಸಲೀಸು, ಉಳ್ಳವರು ಅಲ್ಲಿದ್ದಾರೆ. ಹಳ್ಳಿಗಳಿಂದ ದುಡಿಯಲು ಬಂದ ಮೂಲನಿವಾಸಿ ಐಮಾರಾ ಜನ ಅಂಚಿನ ಮೇಲಿನ ಎಲ್ ಆಲ್ಟೊದಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲೆ. 2014ರಲ್ಲಿ ಲಾ ಪಾಜ್ ನಗರದ ನಡುಭಾಗಕ್ಕೂ ಎಲ್ ಆಲ್ಟೊಗೂ ನಡುವೆ ಕೇಬಲ್ ಕಾರಿನ ಕೆಂಪು ಮಾರ್ಗ ಶುರುವಾಯಿತು, ಈಗ ಹತ್ತು ಮಾರ್ಗಗಳಿವೆ. ಇದು ಪ್ರವಾಸಿಗರ ಆಟಿಕೆಯಲ್ಲ, ಊರಿನ ಬಸ್ಸು. ನಮ್ಮ ಡಬ್ಬಿಯಲ್ಲಿ ದುಂಡು ಟೋಪಿ, ನೆರಿಗೆ ಲಂಗದ ಒಬ್ಬ ಹೆಂಗಸು ಬೆನ್ನಿನ ಬಣ್ಣದ ಬಟ್ಟೆಯಲ್ಲಿ ಈರುಳ್ಳಿಯ ಹೊರೆ ಕಟ್ಟಿಕೊಂಡು ಕುಳಿತಿದ್ದರು, ಅವರ ಪಕ್ಕದಲ್ಲಿ ಶಾಲೆಯ ಹುಡುಗನೊಬ್ಬ ಲೆಕ್ಕ ಮಾಡುತ್ತಿದ್ದ. ಕಾಲಡಿಯಲ್ಲಿ ಇಟ್ಟಿಗೆಯ ಮನೆಗಳು, ಎದುರಿಗೆ ಹಿಮ ಹೊದ್ದ ಇಯಿಮಾನಿ ಪರ್ವತ. ನೋಡಲು ಹೋದ ಯಾವ ಊರಿನಲ್ಲೂ ನಾನು ಇಷ್ಟು ಒಳ್ಳೆಯ ಸಾರ್ವಜನಿಕ ಸಾರಿಗೆ ಕಂಡಿಲ್ಲ. ಗುರುವಾರ, ಭಾನುವಾರ ಎಲ್ ಆಲ್ಟೊದಲ್ಲಿ ದೊಡ್ಡ ಸಂತೆ ಸೇರುತ್ತದೆ, ಆ ದಿನಗಳಿಗೆ ಹೊಂದಿಸಿಕೊಳ್ಳಿ.

ಉಯುನಿ ಹತ್ತು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಉಪ್ಪಿನ ಬಯಲು. ಜನವರಿಯಿಂದ ಮಾರ್ಚ್ ತನಕ ನೀರು ನಿಂತು ಆಕಾಶ ಕೆಳಗೂ ಕಾಣುತ್ತದೆ, ಒಣಗಾಲದಲ್ಲಿ ಉಪ್ಪು ಬಿರಿದು ಷಟ್ಕೋನಗಳ ನೆಲವಾಗುತ್ತದೆ. ನೀರಿರುವಾಗ ಎಷ್ಟೋ ಜಾಗಗಳಿಗೆ ವಾಹನ ಹೋಗುವುದಿಲ್ಲ, ಕಳ್ಳಿಗಿಡಗಳ ಇಂಕಾವಾಸಿ ದ್ವೀಪ ತಪ್ಪಿಹೋಗಬಹುದು. ಹಾಗಾಗಿ ಒಮ್ಮೆ ಮಾತ್ರ ಹೋಗುವವರಿಗೆ ಒಣಗಾಲವೇ ಲೇಸು ಎನ್ನುತ್ತೇನೆ. ಜೀಪಿನ ಪ್ರವಾಸ ಗೊತ್ತುಮಾಡುವಾಗ ಬೆಲೆಗಿಂತ ಮುಂಚೆ ಮೂರು ವಿಷಯ ಕೇಳಿ: ಪ್ರತಿ ಸೀಟಿಗೂ ಬೆಲ್ಟ್ ಇದೆಯೇ, ಆಮ್ಲಜನಕದ ಸಿಲಿಂಡರ್ ಇದೆಯೇ, ಚಾಲಕನಿಗೆ ವಿಶ್ರಾಂತಿ ಸಿಗುತ್ತದೆಯೇ. ಮೂರು ದಿನದ ಸುತ್ತು ಹಾಕಿದರೆ ಕೆಂಪು ಸರೋವರ, ಬಿಸಿನೀರ ಬುಗ್ಗೆಗಳ ದಾರಿ 4,800 ಮೀಟರ್ ದಾಟುತ್ತದೆ. ಅದಕ್ಕೇ ಇದನ್ನು ಕೊನೆಗಿಟ್ಟುಕೊಳ್ಳಿ ಎನ್ನುವುದು. ರಾತ್ರಿಯ ಚಳಿ ಸೊನ್ನೆಗಿಂತ ಬಹಳ ಕೆಳಗೆ ಇಳಿಯುತ್ತದೆ. ಹಗಲು ಬಿಳಿ ನೆಲದಿಂದ ಚಿಮ್ಮುವ ಬಿಸಿಲಿಗೆ ಕಪ್ಪು ಕನ್ನಡಕ ಇಲ್ಲದೆ ಕಣ್ಣು ಬಿಡಲಾಗದು. ಗಲ್ಲದ ಅಡಿಗೂ ಕ್ರೀಮು ಹಚ್ಚಿ, ಉಪ್ಪು ಕೆಳಗಿನಿಂದಲೂ ಸುಡುತ್ತದೆ.

ಎರಡೂ ದೇಶಗಳಲ್ಲಿ ರಸ್ತೆ ತಡೆ ಮಾಮೂಲು. ಕಲ್ಲು, ಟೈರು ಅಡ್ಡವಿಟ್ಟು ದಿನಗಟ್ಟಲೆ ಕೂರುತ್ತಾರೆ. ಅವರಿಗೆ ಅವರದೇ ಕಾರಣಗಳಿವೆ, ಪ್ರವಾಸಿಯ ಅವಸರ ಅದಕ್ಕಿಂತ ದೊಡ್ಡದಲ್ಲ. ಮರಳುವ ವಿಮಾನಕ್ಕೆ ಮುಂಚೆ ಖಾಲಿ ದಿನಗಳನ್ನು ಬಿಟ್ಟುಕೊಳ್ಳಿ, ಲಿಮಾದಲ್ಲಿ ಕಳೆಯಲು ಲಾರ್ಕೊ ವಸ್ತುಸಂಗ್ರಹಾಲಯ ಒಂದೇ ಸಾಕು. ಡಾಲರ್ ನೋಟುಗಳು ಹೊಸದಾಗಿರಲಿ. ಅಂಚು ಹರಿದ, ಮಸಿ ತಗುಲಿದ ನೋಟನ್ನು ಯಾರೂ ಮುಟ್ಟುವುದಿಲ್ಲ. ಸಂತೆ, ಬಸ್ಸು, ಶೌಚಾಲಯಕ್ಕೆ ಚಿಲ್ಲರೆ ಬೇಕೇ ಬೇಕು.

ತರುವ ಸಾಮಾನಿನ ಬಗ್ಗೆ ಕೊನೆಯದಾಗಿ. ಮಾರಾಸ್ ಉಪ್ಪು, ಅಲ್ಪಾಕಾ ಉಣ್ಣೆ, ತಾಕಿಲೆ ಟೋಪಿ ತನ್ನಿ. ಕೋಕಾ ಎಲೆ, ಅದರ ಚಹಾ ಪೊಟ್ಟಣ, ಮಿಠಾಯಿ ಯಾವುದನ್ನೂ ತರಬೇಡಿ. ಅಲ್ಲಿ ಅದು ದಿನದ ಪಾನೀಯ, ಇಲ್ಲಿ 1985ರ ಮಾದಕ ವಸ್ತು ಕಾಯ್ದೆಯಡಿ ಅಪರಾಧ. ಬೀಜ, ಗೆಡ್ಡೆಗಳನ್ನು ಸಸ್ಯ ಸಂಪರ್ಕ ನಿಷೇಧದ (ಪ್ಲಾಂಟ್ ಕ್ವಾರಂಟೈನ್) ಪರವಾನಗಿಯಿಲ್ಲದೆ ತರುವಂತಿಲ್ಲ. ಅದು ನ್ಯಾಯವಾದ ನಿಯಮ, ಅಂಗಮಾರಿ ಲೋಕವನ್ನೆಲ್ಲ ಸುತ್ತಿದ್ದು ಸಾಗಿಸಿದ ಗೆಡ್ಡೆಗಳ ಜೊತೆಯಲ್ಲೇ. ನೇರಳೆ ಆಲೂಗಡ್ಡೆಯನ್ನು ತಮ್ಮ ಚಿತ್ರದಲ್ಲಿ ಮಾತ್ರ ತಂದ. ಬಂದ ಮೇಲೆ ತೋಟಗಾರಿಕೆ ಇಲಾಖೆಯವರನ್ನು ವಿಚಾರಿಸಿ, ಅಂಗಮಾರಿಯನ್ನು ತಕ್ಕಮಟ್ಟಿಗೆ ತಡೆಯುವ ಕುಫ್ರಿ ಹಿಮಾಲಿನಿಯ ಬಿತ್ತನೆ ಹುಡುಕಿ, ಈ ಮುಂಗಾರಿಗೆ ಒಂದು ಪಟ್ಟಿಯಲ್ಲಿ ಜ್ಯೋತಿ, ಪಕ್ಕದ ಪಟ್ಟಿಯಲ್ಲಿ ಹಿಮಾಲಿನಿ ಹಾಕಿದ್ದಾನೆ. ಕೊಯ್ಲಾದ ಮೇಲೆ ಎರಡರ ಇಳುವರಿಯನ್ನೂ ತೂಗಿ ಇಲ್ಲಿ ಬರೆಯುತ್ತೇನೆ.